ಯುದ್ಧಕೈದಿಗಳ ಕ್ಯಾಂಪ್ ಸಿನಿಮಾಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ಮೈಸೂರಲ್ಲಿ ನಾವೊಂದಷ್ಟು ಜನ ಸೇರ್ಕೊಂಡು ಸರಸ್ವತಿಪುರಂನ ಒಬ್ರ ಮನೆ ಮಹಡಿ ಮೇಲೆ ಪ್ರೊಜೆಕ್ಟರ್ ಇಟ್ಟು ಭಾನುವಾರ ಸಂಜೆ ಸಿನಿಮಾ ಹಾಕ್ತೀವಿ. ಯುದ್ಧಕೈದಿಗಳ ಸಿನಿಮಾ ಸರಣಿ ಶುರು ಮಾಡಿದ್ಮೇಲೆ ಪ್ರಶ್ನೆಗಳ ಸುರಿಮಳೆ. ಸಿನಿಮಾ ಮುಗಿದ್ಮೇಲೆ ಕಾಫಿ ಕುಡೀತಾ ಕೇಳಿದ್ದು, ವಾಟ್ಸಾಪಲ್ಲಿ ಬಂದಿದ್ದು, ಮಂಡ್ಯದ ರಿಟೈರ್ಡ್ ಮೇಷ್ಟ್ರೊಬ್ರು ಇನ್‌ಲ್ಯಾಂಡ್ ಲೆಟರಲ್ಲಿ ಬರೆದು ಕೇಳಿದ್ದು, ಎಲ್ಲಾ ಸೇರ್ಸಿ ಇಲ್ಲಿ ಹಾಕಿದೀನಿ. ಕೇಳಿದೋರ ಮಾತು ಹೆಂಗಿತ್ತೋ ಹಂಗೇ ಬಿಟ್ಟಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ಕ್ಲೈಮ್ಯಾಕ್ಸ್‌ಗಳನ್ನ ಮುಚ್ಚಿಡೋಕೆ ಹೋಗಿಲ್ಲ.

## ಶುರು ಮಾಡೋರಿಗೆ

ಇದೂ ಷಿಂಡ್ಲರ್ಸ್ ಲಿಸ್ಟ್ ತರದ್ದೇ ಅಲ್ವಾ ಸಾರ್? ಎಲ್ಲಾ ಒಂದೇ ಕ್ಯಾಂಪ್ ತಾನೆ?

ಬೇರೆ ಬೇರೆ. ಷಿಂಡ್ಲರ್ಸ್ ಲಿಸ್ಟಲ್ಲಿ ಇರೋರು ಸೈನಿಕರಲ್ಲ, ಮನೆಮಠ ಬಿಟ್ಟು ಎಳ್ಕೊಂಡು ಬಂದಿರೋ ಯಹೂದಿ ಸಂಸಾರಗಳು, ಆ ಕ್ಯಾಂಪು ಒಂದು ಜನಾಂಗವನ್ನೇ ಮುಗಿಸೋ ಯೋಜನೆಯ ಭಾಗ. ಯುದ್ಧಕೈದಿ ಅಂದ್ರೆ ಯೂನಿಫಾರ್ಮಲ್ಲಿ ಸಿಕ್ಕಿಬಿದ್ದ ಸೈನಿಕ. ಅವನಿಗೆ ಊಟ ಹಾಕ್ಬೇಕು, ಡಾಕ್ಟರ್ ಕೊಡ್ಬೇಕು, ಮನೆಗೆ ಕಾಗದ ಬರೆಯೋಕೆ ಬಿಡ್ಬೇಕು ಅಂತ 1929ರ ಜಿನೀವಾ ಒಪ್ಪಂದದಲ್ಲೇ ಇತ್ತು, 1949ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದ್ರು. ಈ ಸಿನಿಮಾಗಳ ಜಗಳ ಎಲ್ಲಾ ಹುಟ್ಟೋದು ಆ ಕಾಗದದ ಮೇಲಿರೋದಕ್ಕೂ ತಟ್ಟೆಗೆ ಬೀಳೋದಕ್ಕೂ ಇರೋ ವ್ಯತ್ಯಾಸದಿಂದಾನೇ. ಮೂರನೇದೊಂದು ಜಾತಿ ಇದೆ, ಶತ್ರು ದೇಶದ ಸಾಮಾನ್ಯ ಪ್ರಜೆಗಳನ್ನ ಕೂಡಿಹಾಕೋ ಕ್ಯಾಂಪು, ಸ್ಪೀಲ್‌ಬರ್ಗ್‌ನ ಎಂಪೈರ್ ಆಫ್ ದ ಸನ್ (1987) ಅಂಥದ್ದು, ಶಾಂಘೈ ಪಕ್ಕದಲ್ಲಿ ನಡೆಯೋ ಕಥೆ.

ನಂಗೆ ಟೈಮಿಲ್ಲ, ಮೂರೇ ಮೂರು ಹೇಳಿ

ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್ (1957), ಸೋವಿಯತ್ ಸಿನಿಮಾ ಡೆಸ್ಟಿನಿ ಆಫ್ ಎ ಮ್ಯಾನ್ (1959), ಡೆನ್ಮಾರ್ಕಿನ ಲ್ಯಾಂಡ್ ಆಫ್ ಮೈನ್ (2015). ಇದೇ ಕ್ರಮದಲ್ಲಿ ನೋಡಿ, ಹಿಂದೆ ಮುಂದೆ ಮಾಡ್ಬೇಡಿ. ಮೊದಲನೇದ್ರಲ್ಲಿ ಕೈದಿಗಳು ನಮ್ಮ ಹೀರೋಗಳು, ಎರಡನೇದ್ರಲ್ಲಿ ಹೀರೋಯಿಸಂಗೆ ಜಾಗಾನೇ ಇಲ್ಲ, ಮೂರನೇದ್ರಲ್ಲಿ ಕೈದಿಗಳೇ ಜರ್ಮನ್ನರು.

ದ ಗ್ರೇಟ್ ಎಸ್ಕೇಪಲ್ಲಿ ಆ ಬೈಕ್ ಜಂಪು ನಿಜವಾಗ್ಲೂ ಆಯ್ತಾ ಗುರು?

ಆಗ್ಲಿಲ್ಲ. ಬೈಕು ಸ್ಟೀವ್ ಮ್ಯಾಕ್‌ಕ್ವೀನ್ ಆಸೆಗೆ ಸೇರ್ಸಿದ್ದು, ಆ ದೊಡ್ಡ ಹಾರಾಟ ಕೂಡ ಹಾರಿದ್ದು ಬಡ್ ಎಕಿನ್ಸ್ ಅನ್ನೋ ಸ್ಟಂಟ್ ಮಾಡೋನು. ಅಮೆರಿಕದೋರು ಸುರಂಗದ ಕೆಲಸಕ್ಕೆ ಕೈಜೋಡಿಸಿದ್ದು ನಿಜ, ಆದ್ರೆ ತಪ್ಪಿಸ್ಕೊಳ್ಳೋ ಹೊತ್ತಿಗೆ ಅವರನ್ನ ಬೇರೆ ಕಾಂಪೌಂಡಿಗೆ ಹಾಕ್ಬಿಟ್ಟಿದ್ರು.

ನಿಜವಾದದ್ದೇ ಸಾಕಷ್ಟು ರೋಚಕ. ಜಾಗ ಈಗಿನ ಪೋಲೆಂಡಲ್ಲಿರೋ ಸಾಗಾನ್, ಸ್ಟಾಲಾಗ್ ಲುಫ್ಟ್ 3 ಅನ್ನೋ ವಾಯುಸೇನೆ ಕೈದಿಗಳ ಕ್ಯಾಂಪು. ಟಾಮ್, ಡಿಕ್, ಹ್ಯಾರಿ ಅಂತ ಮೂರು ಸುರಂಗ, ಹ್ಯಾರಿ ಶುರುವಾಗೋದು ಒಲೆ ಕೆಳಗಿಂದ. ಮಣ್ಣು ಕುಸೀದಂಗೆ ಮಂಚದ ಹಲಗೆ ಕಿತ್ತು ಆನಿಸಿದ್ರು, ಹಾಲಿನ ಪುಡಿ ಡಬ್ಬ ಜೋಡ್ಸಿ ಗಾಳಿ ಕೊಳವೆ ಮಾಡಿದ್ರು, ಅಗೆದ ಮರಳನ್ನ ಪ್ಯಾಂಟೊಳಗಿನ ಚೀಲದಲ್ಲಿ ತುಂಬ್ಕೊಂಡು ಓಡಾಡ್ತಾ ಚೂರು ಚೂರೇ ಅಂಗಳಕ್ಕೆ ಉದುರಿಸಿದ್ರು. 1944ರ ಮಾರ್ಚ್ 24ರ ರಾತ್ರಿ 76 ಜನ ಆಚೆ ಬಂದ್ರು, 73 ಜನ ಮತ್ತೆ ಸಿಕ್ಕಿಬಿದ್ರು, ಹಿಟ್ಲರ್ ಆಜ್ಞೆ ಮೇಲೆ ಅವರಲ್ಲಿ 50 ಜನರನ್ನ ಗೆಸ್ಟಾಪೊ ಅನ್ನೋ ನಾಜಿ ಗುಪ್ತ ಪೊಲೀಸಿನೋರು ಕೊಂದ್ರು. ಸಿನಿಮಾದಲ್ಲಿ ಎಲ್ಲರನ್ನೂ ಒಂದೇ ಬಯಲಲ್ಲಿ ಇಳಿಸಿ ಹೊಡೆಯೋ ಹಂಗಿದೆ, ನಡೆದಿದ್ದು ಬೇರೆ ಬೇರೆ ಊರಿನ ರಸ್ತೆ ಬದೀಲಿ, ಒಬ್ರು ಇಬ್ರು ಹಂಗೆ. ಪೂರ್ತಿ ಪಾರಾಗಿದ್ದು ಮೂರೇ ಜನ, ಇಬ್ರು ನಾರ್ವೆಯೋರು ಒಬ್ಬ ಡಚ್ಚಿನೋನು. ಬ್ರಿಟಿಷರು ಒಬ್ರೂ ಇಲ್ಲ, ಅದನ್ನ ಹೇಳಿದ್ರೆ ಕೆಲವರಿಗೆ ಬೇಜಾರಾಗುತ್ತೆ.

ಮಕ್ಕಳನ್ನ ಕೂರಿಸ್ಕೊಂಡು ನೋಡಬಹುದಾ?

ಗ್ರೇಟ್ ಎಸ್ಕೇಪ್ ನೋಡಬಹುದು, ಉದ್ದ ಇದೆ ಅಷ್ಟೇ, ಹತ್ತಿರ ಹತ್ತಿರ ಮೂರು ಗಂಟೆ, ಮಧ್ಯ ಒಂದು ಇಂಟರ್ವಲ್ ಕೊಡಿ. ಎಂಪೈರ್ ಆಫ್ ದ ಸನ್ ಹೈಸ್ಕೂಲ್ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತೆ, ಕಥೆ ನಡೆಯೋದೇ ಒಬ್ಬ ಹುಡುಗನ ಕಣ್ಣಲ್ಲಿ. ಲ್ಯಾಂಡ್ ಆಫ್ ಮೈನ್ ಬೇಡ, ಅದ್ರಲ್ಲಿ ಹುಡುಗರೇ ಸಾಯೋದು.

## ಸ್ವಲ್ಪ ಒಳಗೆ ಹೋದ್ರೆ

ಅಣ್ಣೋ, ಆ ಜಪಾನಿನೋರು ಯಾಕಂಗೆ ಹೊಡೀತಾರೆ? ಅವರ ರಕ್ತದಲ್ಲೇ ಇತ್ತಾ ಅದು?

ರಕ್ತದ ಮಾತು ಬಿಟ್ಬಿಡಿ. ಅದೇ ಜಪಾನು 1904-05ರ ಯುದ್ಧದಲ್ಲಿ ರಷ್ಯದ ಕೈದಿಗಳನ್ನ ಚೆನ್ನಾಗೇ ನೋಡ್ಕೊಂಡಿತ್ತು. ಒಂದನೇ ಮಹಾಯುದ್ಧದಲ್ಲಿ ಬಾಂಡೊ ಅನ್ನೋ ಕ್ಯಾಂಪಲ್ಲಿದ್ದ ಜರ್ಮನ್ ಕೈದಿಗಳಿಗೆ ವಾದ್ಯಮೇಳ ಕಟ್ಕೊಳ್ಳೋಕೆ ಬಿಟ್ಟಿದ್ರು, ಬೀಥೋವನ್‌ನ ಒಂಬತ್ತನೇ ಸಿಂಫೊನಿ ಜಪಾನಲ್ಲಿ ಮೊದಲ ಸಲ ಪೂರ್ತಿ ಕೇಳಿಸಿದ್ದು ಆ ಕ್ಯಾಂಪಲ್ಲೇ, 1918ರ ಜೂನ್ 1ಕ್ಕೆ. ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ರಕ್ತ ಬದಲಾಗಲ್ಲ, ಸೈನ್ಯ ಬದಲಾಗುತ್ತೆ.

ಆಗಿದ್ದೇನು ಅಂದ್ರೆ, ಮೇಲಿನೋನು ಕೆಳಗಿನೋನ ಕೆನ್ನೆಗೆ ಬಾರಿಸೋದು ಜಪಾನಿ ಸೈನ್ಯದಲ್ಲಿ ದಿನನಿತ್ಯದ ವಿಷಯ ಆಗಿತ್ತು. ಕೈದಿಯಾಗೋ ಅವಮಾನಕ್ಕಿಂತ ಸಾಯೋದೇ ಮೇಲು ಅಂತ 1941ರಲ್ಲಿ ಸೈನಿಕರಿಗೆ ಪುಸ್ತಕಾನೇ ಹಂಚಿದ್ರು, ಅದನ್ನ ತಲೇಲಿ ತುಂಬ್ಕೊಂಡೋನ ಕೈಗೆ ಶರಣಾಗಿ ಬಂದಿರೋ ಸಾವಿರಾರು ಜನರನ್ನ ಕೊಟ್ರೆ ಅವನಿಗೆ ಗೌರವ ಎಲ್ಲಿಂದ ಬರ್ಬೇಕು. ಕ್ಯಾಂಪಿನ ಕಾವಲುಗಾರರಲ್ಲಿ ಎಷ್ಟೋ ಜನ ಕೊರಿಯಾದೋರು, ಜಪಾನಿಗಳ ಕೈಲಿ ತಾವೇ ಏಟು ತಿನ್ನೋರು, ಅವರ ಕೈಗೆ ಸಿಗೋದು ಕೈದಿ ಒಬ್ಬನೇ. 1929ರ ಒಪ್ಪಂದಕ್ಕೆ ಜಪಾನು ಸಹಿ ಹಾಕಿತ್ತು, ಆಮೇಲೆ ಅನುಮೋದನೆ ಮಾಡ್ಲೇ ಇಲ್ಲ. ಕೊನೇಗೆ, ಯುದ್ಧ ಮುಗಿದ್ಮೇಲೆ ಜಪಾನಿ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೇಲಿ ಬಂದ ಲೆಕ್ಕ: ಜಪಾನಿನ ಕೈಲಿದ್ದ ಬ್ರಿಟಿಷ್ ಅಮೆರಿಕನ್ ಕೈದಿಗಳಲ್ಲಿ ನೂರಕ್ಕೆ 27 ಜನ ಸತ್ರು, ಜರ್ಮನಿ ಇಟಲಿ ಕೈಲಿದ್ದ ಅವರದ್ದೇ ಜನರಲ್ಲಿ ನೂರಕ್ಕೆ 4.

ಇದನ್ನೆಲ್ಲಾ ಒಳಗಿಂದ ತೋರ್ಸಿರೋದು ಜಪಾನಿನವನೇ ಆದ ಮಸಾಕಿ ಕೊಬಯಾಶಿ, ದ ಹ್ಯೂಮನ್ ಕಂಡಿಶನ್ (1959-61), ಮೂರು ಭಾಗ, ಒಂಬತ್ತು ಗಂಟೆಗೂ ಮೇಲೆ. ನಿರ್ದೇಶಕ ಸ್ವತಃ ಸೈನ್ಯದಲ್ಲಿದ್ದು ಬಡ್ತಿ ಬೇಡ ಅಂದೋನು, ಕೊನೇಗೆ ಓಕಿನಾವದಲ್ಲಿ ತಾನೇ ಕೈದಿಯಾಗಿದ್ದೋನು. ಹೀರೋ ಕಾಜಿ ಮೊದಲ ಭಾಗದಲ್ಲಿ ಮಂಚೂರಿಯಾದ ಗಣೀಲಿ ಚೀನೀ ಕೈದಿಗಳ ಉಸ್ತುವಾರಿ ಮಾಡ್ತಾನೆ, ಒಳ್ಳೇದು ಮಾಡ್ತೀನಿ ಅಂತ ಹೊರಡ್ತಾನೆ, ಮೂರನೇ ಭಾಗದಲ್ಲಿ ಸೋವಿಯತ್ತರ ಕೈದಿಯಾಗಿ ಕೂತಿರ್ತಾನೆ. ಒಂದೇ ಸಲಕ್ಕೆ ಕೂರ್ಬೇಡಿ, ಮೂರು ಭಾನುವಾರಕ್ಕೆ ಹಂಚ್ಕೊಳ್ಳಿ.

ಕ್ವಾಯ್ ಸೇತುವೆಯ ಆ ಕರ್ನಲ್ಲು ಹೀರೋನಾ ದ್ರೋಹಿನಾ? ನಮ್ಮನೇಲಿ ಇದಕ್ಕೇ ಜಗಳ ಆಯ್ತು

ಆಗ್ಲೇಬೇಕು, ಡೇವಿಡ್ ಲೀನ್ ಸಿನಿಮಾ ಮಾಡಿದ್ದೇ ಅದಕ್ಕೆ. ಮೊದಲರ್ಧ ನೆನಪು ಮಾಡ್ಕೊಳ್ಳಿ. ಆಫೀಸರುಗಳು ಕೂಲಿ ಕೆಲಸ ಮಾಡಂಗಿಲ್ಲ ಅಂತ ಬ್ರಿಟಿಷ್ ಕೈದಿ ಕರ್ನಲ್ ನಿಕಲ್ಸನ್ ಜೇಬಿಂದ ಜಿನೀವಾ ಒಪ್ಪಂದದ ಪುಸ್ತಕ ತೆಗೀತಾನೆ, ಕ್ಯಾಂಪಿನ ಜಪಾನಿ ಅಧಿಕಾರಿ ಸೈಟೊ ಆ ಪುಸ್ತಕದಲ್ಲೇ ಅವನ ಮುಖಕ್ಕೆ ಬಾರಿಸ್ತಾನೆ. ಆಮೇಲೆ ಬಿಸಿಲಲ್ಲಿ ಕಾಯೋ ತಗಡಿನ ಗೂಡಲ್ಲಿ ಕೂಡಿಹಾಕ್ತಾರೆ. ಅಲ್ಲಿಂದ ಆಚೆ ತೆಗೆದಾಗ ಅವನು ನಡೆಯೋ ರೀತಿ ನೋಡಿ, ಕಾಲು ಮಾತು ಕೇಳಲ್ಲ, ಆದ್ರೂ ಬೆನ್ನು ನೆಟ್ಟಗಿಡೋಕೆ ಒದ್ದಾಡ್ತಾನೆ. ಅಲೆಕ್ ಗಿನ್ನೆಸ್ ಆ ನಡಿಗೆ ಕಲ್ತಿದ್ದು ಪೋಲಿಯೋದಿಂದ ಚೇತರಿಸ್ಕೊಳ್ತಿದ್ದ ಸ್ವಂತ ಮಗನ್ನ ನೋಡಿ. ಸಹನೆ ಅಂದ್ರೆ ಏನು ಅಂತ ಇಡೀ ಸಿನಿಮಾ ಹೇಳೋದಕ್ಕಿಂತ ಜಾಸ್ತಿ ಆ ಹತ್ತಿಪ್ಪತ್ತು ಹೆಜ್ಜೇಲಿದೆ.

ಗೆದ್ದ ಮೇಲೆ ಅದೇ ಮನುಷ್ಯ, ಅದೇ ಹಠದಲ್ಲಿ, ಶತ್ರುವಿಗೆ ಅವರ ಇಂಜಿನಿಯರುಗಳು ಕಟ್ಟೋದಕ್ಕಿಂತ ಚೆಂದದ ಸೇತುವೆ ಕಟ್ಟಿಕೊಡ್ತಾನೆ, ಆಸ್ಪತ್ರೇಲಿ ಮಲಗಿದ್ದೋರನ್ನೂ ಎಬ್ಬಿಸಿ ಕೆಲಸಕ್ಕೆ ತರ್ತಾನೆ. ನನ್ನ ಪ್ರಕಾರ ಅವನು ದ್ರೋಹಿ ಅಲ್ಲ, ಕೆಲಸದಲ್ಲಿ ಕಳೆದುಹೋದೋನು. ಕೈಗೆ ಕೆಲಸ ಇದ್ರೆ ಕೈದಿ ಬದುಕ್ತಾನೆ ಅನ್ನೋದೂ ನಿಜ, ಆ ಕೆಲಸ ಯಾರಿಗೆ ಅನ್ನೋದು ಮರೆತುಹೋಗುತ್ತೆ ಅನ್ನೋದೂ ನಿಜ.

ಇತಿಹಾಸದಲ್ಲಿ ಈ ಪಾತ್ರ ಇಲ್ಲ. ಸೇತುವೆ ಕ್ಯಾಂಪಿನ ಹಿರಿಯ ಆಫೀಸರ್ ಫಿಲಿಪ್ ಟೂಸಿ, ಜಪಾನಿಗಳ ಕೈಗೆ ಸಿಗದಂಗೆ ಕೆಲಸ ನಿಧಾನ ಮಾಡಿಸ್ತಾ ತನ್ನ ಜನಾನ ಉಳಿಸ್ಕೊಂಡೋರು, ಸಿನಿಮಾ ಬಂದಾಗ ಕ್ಯಾಂಪಲ್ಲಿದ್ದ ಹಳಬರು ಅವರ ಪರವಾಗಿ ಸಿಟ್ಟಾಗಿದ್ದು ಅದಕ್ಕೇ. ನಿಜವಾದ ಸೈಟೊ ಒಬ್ಬ ಇದ್ದ, ಸಾರ್ಜೆಂಟ್ ಮೇಜರ್, ಇದ್ದಿದ್ರಲ್ಲಿ ಪರವಾಗಿಲ್ಲ ಅನ್ನೋ ಮನುಷ್ಯ, ಯುದ್ಧ ಮುಗಿದ್ಮೇಲೆ ಟೂಸಿ ಅವನ ಪರವಾಗಿ ಮಾತಾಡಿದ್ರು. ಶೂಟಿಂಗ್ ನಡೆದಿದ್ದು ಥಾಯ್ಲೆಂಡಲ್ಲೂ ಅಲ್ಲ, ಸಿಲೋನಿನ ಕಿತುಲ್ಗಲದಲ್ಲಿ.

ಆ ರೈಲ್ವೆ ಕೆಲಸದಲ್ಲಿ ನಮ್ಮ ಕಡೆಯೋರೂ ಸತ್ರಂತೆ, ಸಿನಿಮಾದಲ್ಲಿ ಒಬ್ರೂ ಕಾಣಲ್ವಲ್ಲ?

ಮಂಡ್ಯದ ಮೇಷ್ಟ್ರ ಪ್ರಶ್ನೆ ಇದು, ಬಂದಿದ್ರಲ್ಲೆಲ್ಲಾ ಒಳ್ಳೇ ಪ್ರಶ್ನೆ. ಕ್ವಾಯ್ ಸೇತುವೆ ಇದ್ದಿದ್ದು ಜಪಾನಿಗಳು ಹಾಕ್ಸಿದ ಥಾಯ್ಲೆಂಡ್-ಬರ್ಮಾ ರೈಲು ದಾರೀಲಿ. ಆ ದಾರಿ 415 ಕಿಲೋಮೀಟರ್, 1942ರಲ್ಲಿ ಶುರುವಾಗಿ 1943ರ ಅಕ್ಟೋಬರಿಗೆ ಮುಗೀತು. ಅದ್ರಲ್ಲಿ ದುಡಿದ ಬಿಳಿ ಸೈನಿಕ ಕೈದಿಗಳು 60 ಸಾವಿರಕ್ಕೂ ಮೇಲೆ, ಸತ್ತೋರು 12 ಸಾವಿರಕ್ಕೂ ಮೇಲೆ. ಏಷ್ಯಾದ ಕೂಲಿಗಳು ಎರಡು ಲಕ್ಷದ ಆಸುಪಾಸು, ಸತ್ತೋರು ಸುಮಾರು 90 ಸಾವಿರ ಅಂತ ಅಂದಾಜು. ಬರ್ಮಾದೋರು, ಜಾವಾದೋರು, ಮಲಯಾದೋರು, ಜೊತೆಗೆ ಮಲಯಾದ ರಬ್ಬರ್ ತೋಟದಿಂದ ಒಳ್ಳೇ ಸಂಬಳ ಅಂತ ನಂಬ್ಸಿ ಅಥವಾ ಲಾರೀಲಿ ತುಂಬ್ಕೊಂಡು ಹೋದ ತಮಿಳು ಸಂಸಾರಗಳು.

ಸೈನಿಕರ ಕ್ಯಾಂಪಲ್ಲಿ ಡಾಕ್ಟರ್ ಇದ್ರು, ಆಫೀಸರ್ ಇದ್ರು, ನೀರು ಕುದಿಸಿ ಕುಡೀರಿ ಅನ್ನೋ ಶಿಸ್ತಿತ್ತು, ಕಕ್ಕಸು ಗುಂಡಿ ಎಲ್ಲಿ ತೋಡ್ಬೇಕು ಅಂತ ಹೇಳೋರಿದ್ರು. ಕೂಲಿಗಳಿಗೆ ಇದ್ಯಾವ್ದೂ ಇಲ್ಲ. 1943ರ ಮಳೆಗಾಲದಲ್ಲಿ ಕಾಲರಾ ಬಂದಾಗ ಅವರ ಗುಡಿಸಲುಗಳು ಸಾಲು ಸಾಲಾಗಿ ಖಾಲಿಯಾದ್ವು. ಯುದ್ಧ ಆದ್ಮೇಲೆ ಸೈನಿಕರು ಪುಸ್ತಕ ಬರೆದ್ರು, ಪುಸ್ತಕದಿಂದ ಸಿನಿಮಾ ಆಯ್ತು. ತೋಟದ ಕೂಲಿ ಬರೆಯಲಿಲ್ಲ. ಥಾಯ್ಲೆಂಡಿನ ಕಾಂಚನಬುರಿ ಸ್ಮಶಾನದಲ್ಲಿ ಸೈನಿಕನಿಗೆ ಒಬ್ಬೊಬ್ಬರಿಗೂ ಕಲ್ಲಿದೆ, ಹೆಸರಿದೆ, ವಯಸ್ಸಿದೆ. ಹಂಗಾಗಿ ಕ್ವಾಯ್ ನೋಡುವಾಗ ಸೇತುವೆ ಮೇಲೆ ಯಾರಿದ್ದಾರೆ ಅನ್ನೋದ್ರ ಜೊತೆಗೆ ಯಾರಿಲ್ಲ ಅಂತಾನೂ ಲೆಕ್ಕ ಹಾಕಿ.

ಹಿಂಸೆ ತೋರಿಸೋದ್ರಲ್ಲಿ ಯಾವ್ದು ಓವರ್ ಆಯ್ತು, ಯಾವ್ದು ಸರಿಯಾಗಿದೆ?

ನನ್ನ ಅಳತೆಗೋಲು ಊಟ. ಚಾಟಿ, ದೊಣ್ಣೆ, ರಕ್ತ ತೋರಿಸೋದು ಸುಲಭ, ನೋಡೋನು ಕಣ್ಣು ಮುಚ್ಕೊಳ್ತಾನೆ, ಮುಗೀತು. ಕ್ಯಾಂಪಿನ ಕ್ರೌರ್ಯ ಇರೋದು ದಿನಾ ಬರೋ ಅನ್ನದ ಅಳತೇಲಿ, ಬೆಳಗಿನ ಹಾಜರೀಲಿ, ಇಷ್ಟು ಮಣ್ಣು ಎತ್ಲೇಬೇಕು ಅನ್ನೋ ಲೆಕ್ಕದಲ್ಲಿ. ಅದನ್ನ ತೋರ್ಸಿದೋರು ಕಮ್ಮಿ.

ಬೊಂಡಾರ್ಚುಕ್‌ನ ಡೆಸ್ಟಿನಿ ಆಫ್ ಎ ಮ್ಯಾನ್ ತಗೊಳ್ಳಿ, ಶೊಲೊಖೊವ್ ಕಥೆ. ಸೊಕೊಲೊವ್ ಅನ್ನೋ ರಷ್ಯನ್ ಕೈದಿ ಕಲ್ಲು ಗಣೀಲಿ ದುಡೀತಿರ್ತಾನೆ, ದಿನಕ್ಕೆ ನಾಲ್ಕು ಘನ ಮೀಟರ್ ಕೇಳ್ತಾರೆ, ನಮ್ಮ ಗೋರಿಗೆ ಒಂದೇ ಸಾಕು ಅಂದ್ಬಿಡ್ತಾನೆ. ಯಾರೋ ಚಾಡಿ ಹೇಳ್ತಾರೆ, ಕ್ಯಾಂಪಿನ ಅಧಿಕಾರಿ ಕರೆಸ್ತಾನೆ, ಗುಂಡು ಹೊಡೆಯೋಕೆ ಮುಂಚೆ ಜರ್ಮನ್ ಗೆಲುವಿಗೆ ಅಂತ ಸಾರಾಯಿ ಕುಡಿ ಅಂತಾನೆ. ಗೆಲುವಿಗೆ ಕುಡಿಯಲ್ಲ ಅಂತಾನೆ ಸೊಕೊಲೊವ್, ಹಂಗಾದ್ರೆ ನಿನ್ನ ಸಾವಿಗೆ ಕುಡಿ ಅಂದ್ರೆ ಕುಡೀತಾನೆ. ಮೇಜಿನ ಮೇಲೆ ಬ್ರೆಡ್ಡಿದೆ, ಕೊಬ್ಬಿದೆ, ತಿನ್ನು ಅಂದ್ರೆ ಮೊದಲ ಗ್ಲಾಸಿಗೆ ತಿನ್ನಲ್ಲ ಅಂತಾನೆ, ಎರಡನೇದಕ್ಕೂ ಮುಟ್ಟಲ್ಲ, ಮೂರನೇದಕ್ಕೆ ಒಂದು ಚೂರು ಕಚ್ಚಿ ಮಿಕ್ಕಿದ್ದು ಹಂಗೇ ಇಡ್ತಾನೆ. ಹಸಿವಲ್ಲಿ ಕಣ್ಣು ಕತ್ಲೆ ಬರ್ತಿರೋ ಮನುಷ್ಯ ಅವನು. ಅಧಿಕಾರಿ ಬಿಟ್ಟು ಕಳಿಸ್ತಾನೆ, ಕೈಗೊಂದು ಬ್ರೆಡ್ ತುಂಡೂ ಕೊಟ್ಟು. ಬ್ಯಾರಕ್ಕಿಗೆ ತಂದು ಎಲ್ಲರಿಗೂ ಸಮ ಹಂಚ್ತಾರೆ, ಶೊಲೊಖೊವ್ ಕಥೇಲಿ ಆ ಬ್ರೆಡ್ಡನ್ನ ದಾರದಲ್ಲಿ ಕೊಯ್ತಾರೆ, ಒಬ್ಬೊಬ್ಬರ ಪಾಲಿಗೆ ಬೆಂಕಿಪೊಟ್ಟಣದಷ್ಟು. ಒಂದು ಏಟೂ ಬೀಳದ ದೃಶ್ಯ ಅದು, ನಮ್ಮ ಮಹಡೀಲಿ ಅವತ್ತು ಯಾರೂ ಚುರುಮುರಿ ಪೊಟ್ಟಣ ಬಿಚ್ಚಲಿಲ್ಲ.

ಎದುರಿಗೆ ಅನ್‌ಬ್ರೋಕನ್ (2014) ಇಡಿ. ಲೂಯಿ ಝಂಪೆರಿನಿ ನಿಜವಾದ ಮನುಷ್ಯ, 1936ರ ಬರ್ಲಿನ್ ಒಲಿಂಪಿಕ್ಸಲ್ಲಿ ಓಡಿದ್ದೋರು, ವಿಮಾನ ಸಮುದ್ರಕ್ಕೆ ಬಿದ್ದು 47 ದಿನ ರಬ್ಬರ್ ದೋಣೀಲಿ ತೇಲಿ ಕೊನೇಗೆ ಜಪಾನಿಗಳ ಕೈಗೆ ಸಿಕ್ಕಿದ್ದೋರು. ಅನುಭವಿಸಿದ್ದೆಲ್ಲಾ ನಿಜಾನೇ ಆದ್ರೂ ಸಿನಿಮಾದಲ್ಲಿ ಒಂದಾದ್ಮೇಲೆ ಒಂದು ಏಟಿನ ಸೀನು ಬಂದು ಬಂದು ಮನಸ್ಸು ಜಡ್ಡುಗಟ್ಟುತ್ತೆ. ದ ಡೀರ್ ಹಂಟರ್ (1978) ಕಥೆ ಇನ್ನೂ ಕೆಟ್ಟದ್ದು. ಕೈದಿಗಳ ಕೈಗೆ ರಿವಾಲ್ವರ್ ಕೊಟ್ಟು ತಲೆಗೆ ಹಿಡಿದು ಜೂಜಾಡ್ಸೋ ಸೀನಿದೆಯಲ್ಲ, ವಿಯೆಟ್ನಾಂನಲ್ಲಿ ಹಂಗೆ ನಡೆದಿದ್ದಕ್ಕೆ ಆಧಾರಾನೇ ಇಲ್ಲ. ಚೆನ್ನಾಗಿ ತೆಗೆದಿರೋ ಸುಳ್ಳು, ಅದಕ್ಕೇ ಜಗತ್ತಿಗೆಲ್ಲಾ ಅದೇ ನೆನಪಿರೋದು.

ಕ್ಯಾಂಪೊಳಗೆ ವ್ಯಾಪಾರ ಗೀಪಾರ ಎಲ್ಲಾ ನಡೀತಿತ್ತಾ? ಸಿಗರೇಟೇ ದುಡ್ಡು ಅಂತಾರಲ್ಲ

ಭರ್ಜರಿಯಾಗೇ ನಡೀತಿತ್ತು. ಆರ್. ಎ. ರಾಡ್‌ಫೋರ್ಡ್ ಅನ್ನೋ ಅರ್ಥಶಾಸ್ತ್ರದ ಮನುಷ್ಯ ತಾನೇ ಕೈದಿಯಾಗಿದ್ದು 1945ರಲ್ಲಿ ಇದ್ರ ಮೇಲೆ ಲೇಖನ ಬರೆದಿದ್ದಾರೆ, ರೆಡ್‌ಕ್ರಾಸ್ ಪೊಟ್ಟಣ ಬಂದಾಗ ಬೆಲೆ ಹೆಂಗೆ ಏರುಪೇರಾಗ್ತಿತ್ತು ಅಂತೆಲ್ಲಾ, ಎಕನಾಮಿಕ್ಸ್ ಓದೋ ಹುಡುಗರಿಗೆ ಗೊತ್ತಿರುತ್ತೆ. ಸಿನಿಮಾಗೆ ಬಂದ್ರೆ ಸ್ಟಾಲಾಗ್ 17 (1953), ಕಿಂಗ್ ರ್‍ಯಾಟ್ (1965) ಎರಡೂ ನೋಡಿ. ಎರಡನೇದು ಸಿಂಗಾಪುರದ ಚಾಂಗಿ ಕ್ಯಾಂಪು, ಒಬ್ಬ ಅಮೆರಿಕನ್ ಕಾರ್ಪೊರಲ್ ಇಲಿ ಸಾಕಿ ಅದ್ರ ಮಾಂಸಾನ ಜಿಂಕೆ ಜಾತಿದು ಅಂತ ಹೇಳಿ ಮೇಲಧಿಕಾರಿಗಳಿಗೇ ಮಾರ್ತಾನೆ.

ಹೆಂಗಸರ ಕ್ಯಾಂಪ್ ಮೇಲೆ ಯಾವ್ದಾದ್ರೂ ಇದ್ಯಾ ಮೇಡಂ? ಎಲ್ಲಾ ಬರೀ ಗಂಡಸರೇ

ಪ್ರಶ್ನೆ ನಮ್ಮ ಗುಂಪಿನ ಮೇಡಂಗೆ ಬಂದಿದ್ದು, ಉತ್ತರಾನೂ ಅವರದ್ದೇ. ಪ್ಯಾರಡೈಸ್ ರೋಡ್ (1997) ನೋಡಿ. ಸುಮಾತ್ರಾದಲ್ಲಿ ಸೆರೆಯಾಗಿದ್ದ ಡಚ್, ಬ್ರಿಟಿಷ್, ಆಸ್ಟ್ರೇಲಿಯನ್ ಹೆಂಗಸರು ವಾದ್ಯ ಇಲ್ದೆ ಗಂಟಲಲ್ಲೇ ಆರ್ಕೆಸ್ಟ್ರಾ ಕಟ್ಟಿದ್ದು ನಿಜ ಘಟನೆ. ಸ್ವರಗಳನ್ನ ನೆನಪಿಂದ ಬರೆದುಕೊಟ್ಟಿದ್ದು ಮಾರ್ಗರೆಟ್ ಡ್ರೈಬರ್ಗ್ ಮತ್ತೆ ನೋರಾ ಚೇಂಬರ್ಸ್, ಮೊದಲ ಕಛೇರಿ 1943ರ ಡಿಸೆಂಬರಲ್ಲಿ. ಆ ಗಾಯನ ನಿಂತಿದ್ದು ಯಾರೂ ನಿಲ್ಸಿ ಅಂದಿದ್ದಕ್ಕಲ್ಲ, ಹಾಡೋರಲ್ಲಿ ಅರ್ಧಕ್ಕರ್ಧ ಜನ ಹಸಿವಿಗೆ ಕಾಯಿಲೆಗೆ ಸತ್ತುಹೋಗಿದ್ದಕ್ಕೆ. ಸಿನಿಮಾ ಸ್ವಲ್ಪ ಸಿಹಿಯಾಗಿದೆ, ಆದ್ರೂ ಪರವಾಗಿಲ್ಲ.

ಗೋಡೆ ತಟ್ಟಿ ತಟ್ಟಿ ಮಾತಾಡೋದು ನಿಜಾನಾ ಇಲ್ಲ ಡೈರೆಕ್ಟರ್ ಬುರುಡೆನಾ?

ನಿಜ. ವಿಯೆಟ್ನಾಂ ಯುದ್ಧದ ಟೈಮಲ್ಲಿ ಹನೋಯ್‌ನ ಹೋವಾ ಲೋ ಜೈಲಲ್ಲಿ ಅಮೆರಿಕನ್ ಕೈದಿಗಳು ಐದು ಸಾಲು ಐದು ಕಾಲಮ್ ಲೆಕ್ಕದಲ್ಲಿ ಅಕ್ಷರ ಜೋಡಿಸ್ಕೊಂಡು, ಮೊದಲು ಸಾಲಿನ ಸಂಖ್ಯೆ ಆಮೇಲೆ ಕಾಲಮಿನ ಸಂಖ್ಯೆ ತಟ್ಟಿ ಮಾತಾಡ್ತಿದ್ರು. ಇಂಗ್ಲಿಷಿನ 26 ಅಕ್ಷರ 25 ಮನೇಲಿ ಹಿಡಿಯಲ್ವಲ್ಲ, ಒಂದನ್ನ ಬಿಟ್ಟಿದ್ರು. ಪೊರಕೇಲಿ ಅಂಗಳ ಗುಡಿಸುವಾಗ್ಲೂ ಅದೇ ಲಯದಲ್ಲಿ ಗುಡಿಸಿ ಸುದ್ದಿ ದಾಟಿಸ್ತಿದ್ರು.

## ತಲೆ ಕೆಡಿಸೋ ಪ್ರಶ್ನೆಗಳು

ಗೆದ್ದೋರು ಮಾಡಿದ ಕ್ರೌರ್ಯ ಯಾಕೆ ಯಾರೂ ತೋರ್ಸಲ್ಲ?

ತೋರ್ಸಿದ್ದಾರೆ, ಕಮ್ಮಿ. ಲ್ಯಾಂಡ್ ಆಫ್ ಮೈನ್ ಅಂಥದ್ದು. ಯುದ್ಧ ಮುಗಿದ್ಮೇಲೆ ಡೆನ್ಮಾರ್ಕಿನ ಪಶ್ಚಿಮ ಕರಾವಳೀಲಿ ಜರ್ಮನ್ನರು ಹೂತಿದ್ದ ನೆಲಬಾಂಬುಗಳನ್ನ ತೆಗೆಯೋಕೆ ಜರ್ಮನ್ ಕೈದಿಗಳನ್ನೇ ಹಚ್ಚಿದ್ರು, ಸಿನಿಮಾದಲ್ಲಿ ಅವರು ಮೀಸೆ ಚಿಗುರದ ಹುಡುಗರು. ಮರಳ ಮೇಲೆ ಹೊಟ್ಟೆ ಹಚ್ಚಿ ಮಲಗಿ ಕಂಬೀಲಿ ಚುಚ್ತಾ ಚುಚ್ತಾ ತೆವಳ್ತಾರೆ, ಸಿಕ್ಕಿದ ಬಾಂಬಿನ ಮುಚ್ಚಳ ತಿರುಗಿಸ್ತಾರೆ, ಆ ಬೆರಳು ನಡುಗೋದನ್ನ ಕ್ಯಾಮೆರಾ ಬಿಡದೆ ತೋರ್ಸುತ್ತೆ. ಊಟ ಕೊಡಲ್ಲ. ಹಸಿವು ತಡೀದೆ ರೈತನ ಕೊಟ್ಟಿಗೆಯಿಂದ ದನದ ಮೇವು ಕದ್ದು ತಿಂದು ವಾಂತಿ ಮಾಡ್ತಾ ಬೀಳ್ತಾರೆ. ಅವರನ್ನ ನೋಡ್ಕೊಳ್ಳೋ ಡ್ಯಾನಿಶ್ ಸಾರ್ಜೆಂಟ್ ಮೊದಲ ದೃಶ್ಯದಲ್ಲೇ ಒಬ್ಬ ಕೈದಿಗೆ ಮುಖ ಮೂತಿ ನೋಡ್ದೆ ಹೊಡೆದೋನು. ಐದು ವರ್ಷ ದೇಶ ಆಕ್ರಮಿಸ್ಕೊಂಡಿದ್ದೋರ ಮೇಲಿನ ಸಿಟ್ಟು ಅದು, ಸಿಟ್ಟು ನ್ಯಾಯವಾದದ್ದೇ, ಕೈಗೆ ಸಿಕ್ಕಿದ್ದು ಮಾತ್ರ ಹುಡುಗರು.

ತಮ್ಮ ಸೈನಿಕರಿಗೇ ಬ್ರಿಟಿಷ್ ಸೈನ್ಯ ಕೊಡೋ ಹಿಂಸೆ ನೋಡ್ಬೇಕಂದ್ರೆ ಸಿಡ್ನಿ ಲುಮೆಟ್‌ನ ದ ಹಿಲ್ (1965), ಶಾನ್ ಕಾನರಿ ಇದ್ದಾನೆ, ಮರಳುಗಾಡಿನ ಮಿಲಿಟರಿ ಜೈಲು, ಮಧ್ಯ ಒಂದು ದಿಬ್ಬ, ಹತ್ತಿ ಇಳಿ ಹತ್ತಿ ಇಳಿ.

ಎಲ್ಲಕ್ಕಿಂತ ದೊಡ್ಡ ಮೌನ ಬೇರೆ ಕಡೆ ಇದೆ. ಜರ್ಮನಿ ಹಿಡಿದ ಸೋವಿಯತ್ ಸೈನಿಕರು ಸುಮಾರು 57 ಲಕ್ಷ, ಅದ್ರಲ್ಲಿ 33 ಲಕ್ಷದಷ್ಟು ಜನ ಸತ್ರು, ಬಹುಪಾಲು ಬಯಲಲ್ಲಿ ಬೇಲಿ ಹಾಕಿ ಉಪವಾಸ ಕೆಡವಿದ್ದಕ್ಕೆ. ಉಳ್ಕೊಂಡು ವಾಪಸ್ ಹೋದೋರನ್ನ ಸ್ಟಾಲಿನ್ ಸರ್ಕಾರ ಅನುಮಾನದಿಂದ ನೋಡ್ತು, ಶರಣಾದೋನು ದ್ರೋಹಿ ಅನ್ನೋ ಅರ್ಥದ ಆಜ್ಞೆ 1941ರಲ್ಲೇ ಹೊರಟಿತ್ತು. ಸ್ಟಾಲಿನ್ ಸತ್ತು ಆರು ವರ್ಷ ಆದ್ಮೇಲೆ ಸೊಕೊಲೊವ್ ತೆರೆ ಮೇಲೆ ಬಂದ. ಗ್ರೇಟ್ ಎಸ್ಕೇಪಿನ 50 ಜನರ ಹೆಸರು ಜಗತ್ತಿಗೆ ಗೊತ್ತು, ಈ 33 ಲಕ್ಷಕ್ಕೆ ಮನೆಮಾತಾದ ಒಂದು ಸಿನಿಮಾ ಇಲ್ಲ.

ಹಿಂಸೆ ಕೊಟ್ಟೋನನ್ನ ಕ್ಷಮಿಸೋದೆಲ್ಲಾ ನಿಜವಾಗ್ಲೂ ಆಗುತ್ತಾ? ನಂಗಂತೂ ಆಗ್ತಿರ್ಲಿಲ್ಲ

ಕೆಲವರಿಗೆ ಆಯ್ತು, ಆದ್ರೆ ಸಿನಿಮಾ ತೋರ್ಸೋ ರೀತೀಲಿ ಅಲ್ಲ. ದ ರೈಲ್ವೇ ಮ್ಯಾನ್ (2013) ಎರಿಕ್ ಲೋಮಾಕ್ಸ್ ಕಥೆ. ಗುಟ್ಟಾಗಿ ರೇಡಿಯೋ ಮಾಡ್ಕೊಂಡಿದ್ದಕ್ಕೆ ಕಾಂಚನಬುರೀಲಿ ಕೈಕಾಲು ಮುರಿಯೋ ಹಂಗೆ ಹೊಡೆದು ವಿಚಾರಣೆ ಮಾಡಿದ್ರು, ಆ ಕೋಣೇಲಿ ದುಭಾಷಿ ಆಗಿದ್ದೋನು ನಗಾಸೆ. ಸಿನಿಮಾದಲ್ಲಿ ಲೋಮಾಕ್ಸ್ ಚಾಕು ಇಟ್ಕೊಂಡು ಒಬ್ನೇ ಹುಡುಕ್ಕೊಂಡು ಹೋಗ್ತಾನೆ. ನಿಜದಲ್ಲಿ ಮೊದಲು ಕಾಗದ ಬರೆದಿದ್ದು ಅವರ ಹೆಂಡತಿ, ಆಮೇಲೆ ಪತ್ರ ವ್ಯವಹಾರ, 1993ರಲ್ಲಿ ಇಬ್ಬರು ಮುದುಕರು ಕಾಂಚನಬುರೀಲಿ ಭೇಟಿಯಾದ್ರು. ಚಾಕುಗಿಂತ ಆ ಕಾಗದಾನೇ ಸಿನಿಮಾ ಮಾಡಿದ್ರೆ ಚೆನ್ನಾಗಿರ್ತಿತ್ತು.

ಝಂಪೆರಿನಿ ವಿಷಯದಲ್ಲಿ ಉಲ್ಟಾ. 1998ರಲ್ಲಿ ನಗಾನೊ ಒಲಿಂಪಿಕ್ಸ್ ಜ್ಯೋತಿ ಹಿಡ್ಕೊಂಡು ಓಡೋಕೆ ಜಪಾನಿಗೆ ಹೋದಾಗ ಹಿಂಸೆ ಕೊಟ್ಟ ವಟನಬೆಯನ್ನ ನೋಡೋಕೆ ತಯಾರಿದ್ರು, ಆ ಮನುಷ್ಯ ಬರಲ್ಲ ಅಂದ. ಕ್ಷಮಿಸೋಕೆ ಇಬ್ಬರು ಬೇಕು ಅಂತೇನಿಲ್ಲ ಅನ್ನೋರಿದ್ದಾರೆ, ನಂಗೊತ್ತಿಲ್ಲಪ್ಪ. ನಾಗಿಸಾ ಓಶಿಮಾನ ಮೆರ್ರಿ ಕ್ರಿಸ್ಮಸ್ ಮಿಸ್ಟರ್ ಲಾರೆನ್ಸ್ (1983) ಈ ಪ್ರಶ್ನೇನ ಬೇರೆ ಕಡೆಯಿಂದ ಹಿಡೀತಾನೆ. ಕೊನೇ ದೃಶ್ಯ 1946, ಕಾವಲಿನೋನು ಹರ ಈಗ ಕೈದಿ, ಬೆಳಗಾದ್ರೆ ಅವನಿಗೆ ಮರಣದಂಡನೆ, ಅವನ ಕೈಲಿ ಹೊಡೆಸ್ಕೊಂಡಿದ್ದ ಲಾರೆನ್ಸ್ ನೋಡೋಕೆ ಬಂದಿದ್ದಾನೆ. ಬೇರೆ ಸೈನಿಕರು ಮಾಡಿದ್ದನ್ನೇ ನಾನೂ ಮಾಡಿದ್ದು ಅಂತಾನೆ ಹರ. ಸುಳ್ಳೂ ಅಲ್ಲ, ಪೂರ್ತಿ ನಿಜಾನೂ ಅಲ್ಲ.

ನಮ್ಮ ದೇಶದ ಯುದ್ಧಕೈದಿಗಳ ಮೇಲೆ ಸಿನಿಮಾ ಇಲ್ವಾ? ಕನ್ನಡದಲ್ಲಿ?

ಹಿಂದೀಲಿ 1971 ಅಂತಾನೇ ಹೆಸರಿರೋ ಸಿನಿಮಾ (2007), ಮನೋಜ್ ಬಾಜಪೇಯಿ ಇದ್ದಾರೆ, ಪಾಕಿಸ್ತಾನದ ಕ್ಯಾಂಪಿಂದ ತಪ್ಪಿಸ್ಕೊಳ್ಳೋ ಆರು ಜನ, ರಾಷ್ಟ್ರಪ್ರಶಸ್ತಿ ಬಂತು ಥಿಯೇಟರಿಗೆ ಜನ ಬರಲಿಲ್ಲ. ಮಣಿರತ್ನಂ ಅವರ ಕಾಟ್ರು ವೆಳಿಯಿಡೈ (2017) ತಮಿಳು, ಕಾರ್ಗಿಲ್ ಸಮಯದ ಪೈಲಟ್ ಕಥೆ. ಇವೆರಡಕ್ಕಿಂತ ನಡೆದ ಘಟನೆ ಮೇಲು: 1972ರ ಆಗಸ್ಟಲ್ಲಿ ವಾಯುಸೇನೆಯ ದಿಲೀಪ್ ಪಾರೂಲ್ಕರ್, ಗ್ರೇವಾಲ್, ಹರೀಶ್ ಸಿನ್ಹಜಿ ಮೂವರು ರಾವಲ್ಪಿಂಡಿ ಕ್ಯಾಂಪಿನ ಗೋಡೆ ಕೊರೆದು ಆಚೆ ಬಂದು ಅಫ್ಘಾನ್ ಗಡಿ ಹತ್ತಿರದ ಲಂಡಿ ಕೋತಲ್‌ವರೆಗೂ ಹೋಗಿ ಸಿಕ್ಕಿಬಿದ್ರು.

ಕನ್ನಡದಲ್ಲಿ ಸೈನಿಕನ ಬದುಕು ಅಂದ್ರೆ ಎಲ್ಲರ ಬಾಯಲ್ಲೂ ಬರೋದು ಮುತ್ತಿನ ಹಾರ (1990), ವಿಷ್ಣು ಸಾರ್‌ದು, ಕ್ಯಾಂಪಿನ ಸಿನಿಮಾ ಅಂತ ಅದನ್ನ ಕರೆಯೋಕಾಗಲ್ಲ. ಓದೋಕೆ ಬೇಕಂದ್ರೆ ಬ್ರಿಗೇಡಿಯರ್ ದಳವಿಯವರ ಹಿಮಾಲಯನ್ ಬ್ಲಂಡರ್ ಇದೆ, ರವಿ ಬೆಳಗೆರೆ ಕನ್ನಡಕ್ಕೆ ತಂದಿದ್ದು. ದಳವಿ 1962ರಲ್ಲಿ ಚೀನಾ ಕೈಗೆ ಸಿಕ್ಕಿ ಏಳು ತಿಂಗಳು ಸೆರೇಲಿದ್ದೋರು. ಪಕ್ಕದ ಕೊಡಗಿನ ಕಥೆ ಎಲ್ಲರಿಗೂ ಗೊತ್ತು, 1965ರಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಪಾಕಿಸ್ತಾನದ ಕೈಗೆ ಸಿಕ್ಕಾಗ ಅಯೂಬ್ ಖಾನ್ ಬಿಟ್ಟು ಕಳಿಸ್ತೀನಿ ಅಂದ್ರಂತೆ, ಎಲ್ಲಾ ಕೈದಿಗಳೂ ನನ್ನ ಮಕ್ಕಳೇ, ಬಿಟ್ರೆ ಎಲ್ಲರನ್ನೂ ಬಿಡಿ ಅಂದ್ರು ಅಪ್ಪ. ಭಾಷಣಗಳಲ್ಲಿ ಇದನ್ನ ಅಪ್ಪನ ಕಥೆ ಅಂತಾನೇ ಹೇಳ್ತಾರೆ. ಸೆಲ್ಲಲ್ಲಿ ಕೂತಿದ್ದ ಮಗನ ಕಡೆಯಿಂದ ಹೇಳಿದ್ರೆ ಅದೇ ಒಂದು ಸಿನಿಮಾ.

ಶ್ರೀರಂಗಪಟ್ಟಣದ ಬೈಲಿ ಡಂಜನ್ನೂ ಇದೇ ಲೆಕ್ಕಕ್ಕೆ ಬರುತ್ತಾ?

ಬರುತ್ತೆ. 1780ರ ಸೆಪ್ಟೆಂಬರ್ 10ಕ್ಕೆ ಪೊಳ್ಳಿಲೂರಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೈಲಿಯ ಕಂಪನಿ ಸೈನ್ಯಾನ ಬಗ್ಗುಬಡಿದು ಕೈದಿಗಳನ್ನ ಪಟ್ಟಣಕ್ಕೆ ತಂದ್ರು. ಬೈಲಿ 1782ರಲ್ಲಿ ಸೆರೇಲೇ ಸತ್ತ, ಮಿಕ್ಕೋರು ಬಿಡುಗಡೆಯಾಗಿದ್ದು 1784ರ ಮಂಗಳೂರು ಒಪ್ಪಂದದ ನಂತರ. ಅವರಲ್ಲಿ ಡೇವಿಡ್ ಬೇರ್ಡ್ ಅನ್ನೋನು 1799ರ ಮೇ 4ಕ್ಕೆ ಅದೇ ಕೋಟೆಗೆ ನುಗ್ಗೋ ಸೈನ್ಯದ ಮುಂದಾಳಾಗಿ ವಾಪಸ್ ಬಂದ. ಡಂಜನ್ ಒಳಗೆ ಗೋಡೇಲಿ ಕಲ್ಲಿನ ಚಪ್ಪಡಿ ಚಾಚ್ಕೊಂಡಿವೆ, ಅದ್ರಲ್ಲಿ ಸರಪಳಿ ಹಾಕೋಕೆ ತೂತು, ಟೂರಿಸ್ಟುಗಳು ಕೈ ಇಟ್ಟು ಫೋಟೋ ತೆಗೆಸ್ಕೊಳ್ತಾರೆ. ಒಂದು ಆಟೋ ಹಿಡಿದು ದರಿಯಾ ದೌಲತ್‌ಗೆ ಹೋಗಿ, ಪಶ್ಚಿಮದ ಗೋಡೆ ಮೇಲೆ ಅದೇ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ಬೈಲಿ ಪಲ್ಲಕ್ಕೀಲಿ ಕೂತಿದ್ದಾನೆ. ಗೆದ್ದೋರು ಗೋಡೆ ಮೇಲೆ ಬರೆಸಿದ್ರು, ಸೆರೆಯಿಂದ ಬಿಡುಗಡೆಯಾದ ಬ್ರಿಟಿಷರು ಪುಸ್ತಕ ಬರೆದ್ರು, ಲಂಡನ್ನಲ್ಲಿ ಟಿಪ್ಪು ರಾಕ್ಷಸ ಅಂತ ಹೆಸರಾಗಿದ್ದಕ್ಕೆ ಆ ಪುಸ್ತಕಗಳೂ ಕಾರಣ. ಹಿಂಸೆ ನಡೀಲೇ ಇಲ್ಲ ಅಂತ ನಾನು ಹೇಳ್ತಿಲ್ಲ, ನಡೆದಿದ್ದನ್ನ ಯಾವ ಕೆಲಸಕ್ಕೆ ಬಳಸ್ಕೊಂಡ್ರು ಅಂತಾನೂ ನೋಡಿ ಅಂತಿದೀನಿ.

ನಿಮ್ಮ ಕೈಗೆ ದುಡ್ಡು ಕೊಟ್ರೆ ಯಾವ ಕ್ಯಾಂಪ್ ಕಥೆ ಸಿನಿಮಾ ಮಾಡ್ತೀರಾ?

ದುಡ್ಡು ಕೊಡೋರು ಯಾರು ಅಂತ ಮೊದ್ಲು ಹೇಳಿ. ನನ್ನ ಹತ್ರ ಮೂರಿದೆ.

ಒಂದು, ಬೀರೇಂದ್ರನಾಥ್ ಮಜುಂದಾರ್. ಬ್ರಿಟಿಷ್ ಸೈನ್ಯದ ಡಾಕ್ಟರ್, 1940ರಲ್ಲಿ ಫ್ರಾನ್ಸಲ್ಲಿ ಸಿಕ್ಕಿಬಿದ್ದು ಜರ್ಮನಿಯ ಕೋಲ್ಡಿಟ್ಜ್ ಕೋಟೆ ಕ್ಯಾಂಪಿಗೆ ಬಂದ ಒಬ್ಬನೇ ಭಾರತೀಯ. ಜರ್ಮನ್ನರು ಬರ್ಲಿನ್‌ಗೆ ಕರ್ಕೊಂಡ್ಹೋಗಿ ಸುಭಾಷ್ ಚಂದ್ರ ಬೋಸರ ಎದುರು ಕೂರಿಸಿದ್ರು, ಸ್ವಾತಂತ್ರ್ಯ ಬೇಕು ಆದ್ರೆ ಕೊಟ್ಟ ಮಾತು ಮುರಿಯಲ್ಲ ಅಂತ ವಾಪಸ್ ಬಂದ್ರು. ಕ್ಯಾಂಪಲ್ಲಿ ಬ್ರಿಟಿಷರು ಅವರನ್ನೇ ಗೂಢಚಾರ ಅಂತ ಅನುಮಾನಿಸಿದ್ರು. ಭಾರತೀಯರ ಕ್ಯಾಂಪಿಗೆ ಕಳಿಸಿ ಅಂತ ಉಪವಾಸ ಕೂತು ಗೆದ್ದು, ಅಲ್ಲಿಂದ ತಪ್ಪಿಸ್ಕೊಂಡು ಸ್ವಿಟ್ಜರ್ಲೆಂಡ್ ಸೇರಿದ್ರು. ಕೋಲ್ಡಿಟ್ಜ್ ಮೇಲೆ ಸಿನಿಮಾ, ಸೀರಿಯಲ್ಲು ಎಲ್ಲಾ ಬಂದಿವೆ, ಅವರದ್ದು ಬಂದಿಲ್ಲ.

ಎರಡು, ಫ್ರಾನ್ಸಿನ ಎಪಿನಾಲ್. ಅಲ್ಲಿ ಭಾರತೀಯ ಕೈದಿಗಳೇ ತುಂಬಿದ್ದ ಕ್ಯಾಂಪಿತ್ತು. 1944ರ ಮೇ 11ಕ್ಕೆ ಅಮೆರಿಕದ ಬಾಂಬು ಬಿದ್ದು ಗೋಡೆ ಒಡೀತು, ಸತ್ತೋರು ಸತ್ರು, ಉಳಿದೋರು ಹಳ್ಳಿಗಳ ಫ್ರೆಂಚ್ ರೈತರ ಸಹಾಯದಲ್ಲಿ ನಡೆದು ನಡೆದು ಸುಮಾರು 500 ಜನ ಸ್ವಿಟ್ಜರ್ಲೆಂಡ್ ಮುಟ್ಟಿದ್ರು. ಮೂರೇ ಜನ ಪಾರಾಗಿದ್ದಕ್ಕೆ ಗ್ರೇಟ್ ಎಸ್ಕೇಪ್ ಅಂತ ಹೆಸರಿಟ್ಟಿದ್ದಾರೆ, ಇದಕ್ಕೇನಂತ ಇಡೋಣ ನೀವೇ ಹೇಳಿ.

ಮೂರನೇದು ನಮ್ಮೂರಿಂದು, ಮಾಡೋಕೆ ಆಸೆ ಇರೋದು ಇದೇ. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿದ್ದಾಗ ಅಲ್ಲಿ ಮೈಸೂರು ಸಂಸ್ಥಾನದ 1ನೇ ಮೈಸೂರು ಇನ್‌ಫೆಂಟ್ರಿ ಇತ್ತು. ಎರಡು ದಿನ ಆದ್ಮೇಲೆ ಫ್ಯಾರರ್ ಪಾರ್ಕ್ ಮೈದಾನದಲ್ಲಿ 40 ಸಾವಿರಕ್ಕೂ ಮೇಲೆ ಭಾರತೀಯ ಸೈನಿಕರನ್ನ ಸೇರ್ಸಿ ಜಪಾನಿಗಳ ವಶಕ್ಕೆ ಕೊಟ್ರು. ಕೆಲವರು ಬ್ರಿಟಿಷರ ವಿರುದ್ಧ ಹೋರಾಡೋ ಐಎನ್‌ಎ (ಇಂಡಿಯನ್ ನ್ಯಾಷನಲ್ ಆರ್ಮಿ) ಸೇರಿದ್ರು, ಸೇರದೇ ಇದ್ದ ಭಾರತೀಯ ಕೈದಿಗಳಲ್ಲಿ ಸಾವಿರಾರು ಜನರನ್ನ ಹಡಗಲ್ಲಿ ತುಂಬಿ ನ್ಯೂ ಗಿನಿ ಕಡೆಗೆ ಕೂಲಿಗೆ ಸಾಗ್ಸಿದ್ರು, 1945ರಲ್ಲಿ ಆಸ್ಟ್ರೇಲಿಯಾ ಸೈನ್ಯ ಹೋಗಿ ನೋಡಿದಾಗ ಉಳಿದಿದ್ದೋರು ಮೂಳೆ ಚಕ್ಕಳ. ನಾನು ಮಾಡಿದ್ರೆ ಯುದ್ಧದ ಸೀನು ಹಾಕಲ್ಲ, ಸುರಂಗ ಹಾಕಲ್ಲ. ಮಂಡ್ಯ ಕಡೆಯ ಹಳ್ಳಿಯಿಂದ ಹೋದ ಒಬ್ಬ ಸಿಪಾಯಿ, ಅವನ ಕ್ಯಾಂಪಿನ ಅಡುಗೆ ಕೋಣೆ, ತಿಂಗಳು ತಿಂಗಳಿಗೂ ಇಳಿಯೋ ಅಕ್ಕಿ ಅಳತೆ. ಅಡುಗೆಯವನ ಪಾತ್ರಕ್ಕೆ ಮಂಡ್ಯ ರಮೇಶ್ ಅವರನ್ನ ಕೇಳ್ಬೇಕು ಅಂತಿದೀನಿ, ಅವರ ನಟನ ರಂಗಶಾಲೆ ಹುಡುಗರು ಹೆಂಗೂ ಸಿಗ್ತಾರೆ.